ಪತ್ತೆಯಾಗಿಲ್ಲ

ಜನವರಿ 9

ಅಣ್ಣಾ,

ಈ ಕಾಗದವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂರಲು ಆಗುತ್ತಿಲ್ಲ. ಪ್ರೆಸ್ಸಿನ ಕಿಟಕಿಯ ಕಟ್ಟೆ ಮೇಲೆ ಹಳೆಯ ಪ್ರೂಫ್ ಹಾಳೆ ತಿರುಗಿಸಿ ಹಾಕಿಕೊಂಡು, ಕೈಗೆ ಸಿಕ್ಕ ಕೆಂಪು ಪೆನ್ನಿನಲ್ಲೇ ಬರೆಯುತ್ತಿದ್ದೇನೆ. ನನ್ನ ತಪ್ಪು ಹುಡುಕಬೇಡ, ಅದು ನನ್ನ ಕೆಲಸ.

ಔಷಧ ಬಂತು. ನಿನ್ನೆ ಬೆಳಿಗ್ಗೆ ಮೊದಲ ಎರಡು ಮಾತ್ರೆ ನುಂಗಿದೆ. ಬರೀ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಹತ್ತುವುದಿಲ್ಲ, ಜಿಡ್ಡಿನ ತಿಂಡಿ ಜೊತೆಗಿರಬೇಕು ಅಂದಿದ್ದರು. ಅಮ್ಮ ಬ್ರೆಡ್ಡಿನ ಮೇಲೆ ಬೆಣ್ಣೆಯನ್ನು ಗಾರೆ ಕೆಲಸದವರ ಹಾಗೆ ಮೆತ್ತಿದಳು. ಮೂರು ಗಂಟೆ ಏನೂ ಆಗಲಿಲ್ಲ. ಪ್ರೆಸ್ಸಿಗೆ ಬಂದು ಏಳನೇ ತರಗತಿಯ ಭೂಗೋಳ ಪುಸ್ತಕದ ಮುಂದೆ ಕೂತೆ. ನದಿಗಳ ಪಟ್ಟಿ ಮುಗಿಯುವಷ್ಟರಲ್ಲಿ ಎದೆಯೊಳಗೆ ಏನೋ ಸಡಿಲವಾಯಿತು.

ನಮ್ಮ ಕೆಮ್ಮು ನಿನಗೆ ಗೊತ್ತಲ್ಲ, ಅಂಟಿನ ಡಬ್ಬದಲ್ಲಿ ಚಮಚ ಸಿಕ್ಕಿಕೊಂಡ ಹಾಗೆ. ಇದು ಹಾಗಲ್ಲ. ನೀರಾಗಿ ಬಂತು. ಬಚ್ಚಲಿಗೆ ಓಡಿದವಳು ಒಂದು ಗಂಟೆ ಉಗುಳುತ್ತಾ ನಿಂತೆ. ಬೈಂಡಿಂಗಿನ ಅಕ್ಕ ಬಾಗಿಲು ಬಡಿದು, "ಏನೇ, ಒಳಗೇ ಸಂಸಾರ ಹೂಡಿದ್ಯಾ?" ಅಂದಳು. ನಗಲು ಹೋದೆ. ನಕ್ಕರೆ ಕೆಮ್ಮು ಬರಬೇಕಲ್ಲ, ಬರಲಿಲ್ಲ. ಮತ್ತೊಮ್ಮೆ ನಕ್ಕು ನೋಡಿದೆ. ಆ ಅಕ್ಕ ಹೆದರಿಕೊಂಡು ಮ್ಯಾನೇಜರನ್ನು ಕರೆತಂದಳು.

ಇವತ್ತು ಬೆಳಿಗ್ಗೆ ಒಳಗೆ ಕಾಲಿಟ್ಟರೆ ಗಪ್ಪೆಂದು ವಾಸನೆ. ಎಂಟು ವರ್ಷದಿಂದ ಇಲ್ಲಿದ್ದೇನೆ, ಅಚ್ಚಿನ ಶಾಯಿಗೆ ಇಂಥ ವಾಸನೆ ಇದೆ ಅಂತ ಮೂಗಿಗೆ ಇವತ್ತು ತಿಳಿಯಿತು. ಕೆಟ್ಟ ವಾಸನೆ ಅಣ್ಣಾ. ಇಷ್ಟು ವರ್ಷ ಹೇಗೆ ತಡೆದುಕೊಂಡಿರಿ ಅಂತ ಎಲ್ಲರನ್ನೂ ಕೇಳುತ್ತಾ ಹೋದೆ.

ಡಾಕ್ಟರು ನನ್ನ ಭಾಷೆಯಲ್ಲೇ ಹೇಳಿಕೊಟ್ಟರು. ಮೈಯ ಒಂದೊಂದು ಜೀವಕೋಶಕ್ಕೂ ಉಪ್ಪು ಓಡಾಡುವ ಬಾಗಿಲಿರುತ್ತದಂತೆ. ಅದನ್ನು ಹೀಗೆ ಮಾಡು ಅಂತ ಹೇಳುವ ಸಾಲು ನಮ್ಮಿಬ್ಬರಲ್ಲಿ ತಪ್ಪಾಗಿ ಅಚ್ಚಾಗಿದೆ. ಬಾಗಿಲು ಸೊಟ್ಟ, ಅದಕ್ಕೇ ಕಫ ಅಂಟು, ಬೆವರು ಉಪ್ಪು. ಈ ಮಾಡ್ಯುಲೇಟರ್ ಮಾತ್ರೆ ಅಚ್ಚಿನ ತಪ್ಪನ್ನು ತಿದ್ದುವುದಿಲ್ಲ. ಸೊಟ್ಟ ಬಾಗಿಲನ್ನು ನೆಟ್ಟಗೆ ನಿಲ್ಲಿಸಿ ತೆರೆದು ಹಿಡಿಯುತ್ತದೆ, ನುಂಗಿದಷ್ಟು ದಿನ. "ಬದುಕಿರೋವರೆಗೂ ತಗೋಬೇಕಮ್ಮ" ಅಂದರು. ಬದುಕಿರುವವರೆಗೂ ಅನ್ನುವ ಪದ ಇಷ್ಟು ಉದ್ದ ಕೇಳಿಸಿದ್ದು ಇದೇ ಮೊದಲು.

ನಿನ್ನ ಅರ್ಜಿಯೂ ಅದೇ ವಾರ ಹೋಗಿತ್ತಲ್ಲ. ಬಂತಾ? ಬಂದಿದ್ದರೆ ಬೇಗ ಬರಿ. ಬಚ್ಚಲ ಹತ್ತಿರದ ಕುರ್ಚಿ ಹಿಡಿದುಕೊಂಡು ನುಂಗು.

ನಿನ್ನ ತಂಗಿ,
ತಪ್ಪಮ್ಮ


ಜನವರಿ 18

ತಪ್ಪಮ್ಮನವರ ಸನ್ನಿಧಿಗೆ,

ನಿನ್ನ ಕೆಂಪು ಕಾಗದವನ್ನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಓದಿದೆ. ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಮೈಕ್ ಆರಿಸುವುದನ್ನು ಮರೆತಿದ್ದೆ. ಇಡೀ ನಿಲ್ದಾಣ ಕೇಳಿಸಿಕೊಂಡಿತು. ಮೀಸೆ ಡ್ರೈವರ್ ಓಡಿಬಂದು, "ಏನಪ್ಪಾ ಮೈಕಣ್ಣ, ನಾಲ್ಕನೇ ಪ್ಲಾಟ್‌ಫಾರಮ್ಮಿಗೆ ಯಾವ ಊರಿನ ಬಸ್ಸು ಅಂತ ಹೇಳಿದೆ, ಒಂದೂ ತಿಳೀಲಿಲ್ಲ" ಅಂದ. ತಂಗಿಯ ಎದೆ ತೆರೆದುಕೊಂಡಿದೆ ಅಂದೆ.

"ಹಂಗಾದ್ರೆ ಹೋಗಿ ನೋಡ್ಕೊಂಡು ಬಾ, ನನ್ನ ಬಸ್ಸಲ್ಲೇ ಕೂರು."

ಹೋಗುವ ಹಾಗಿಲ್ಲ ಅಂತ ಅವನಿಗೆ ತಿಳಿಸಿ ಹೇಳುವುದೇ ಒಂದು ಕೆಲಸವಾಯಿತು. ನನ್ನ ಎದೆಯಲ್ಲಿ ಒಂದು ಹಠಮಾರಿ ರೋಗಾಣು ಬೀಡುಬಿಟ್ಟಿದೆ, ಆರೋಗ್ಯವಂತರಿಗೆ ಅದು ಏನೂ ಮಾಡಲ್ಲ, ನಮ್ಮದೇ ಕಾಯಿಲೆಯವರಿಗೆ ದಾಟಿದರೆ ಕೊಲ್ಲುತ್ತೆ, ಹಾಗಾಗಿ ನಾನೂ ಅವಳೂ ಒಂದೇ ಕೋಣೆಯಲ್ಲಿ ಕೂರದೆ ಹತ್ತೊಂಬತ್ತು ವರ್ಷ ಆಯ್ತು ಅಂದೆ. ಅವನು ಮೀಸೆ ಮುಟ್ಟಿಕೊಂಡು, "ಇದೆಂಥ ಕಾಯಿಲೆ, ಅಣ್ಣ ತಂಗೀನೇ ಬೇರೆ ಮಾಡುತ್ತೆ" ಅಂದು ಬಸ್ಸು ಹೊರಡಿಸಿಕೊಂಡು ಹೋದ.

ಫೋನ್ ಮಾಡು ಅಂತ ಅಮ್ಮ ಹೇಳಿ ಕಳಿಸಿದ್ದಳು. ಮಾಡುವುದಿಲ್ಲ. ಫೋನಿನಲ್ಲಿ ನನ್ನ ಮಾತಿನ ಅರ್ಧ ಕೆಮ್ಮಿಗೆ ಹೋಗುತ್ತದೆ, ಉಳಿದರ್ಧ ನೀವು ಗಾಬರಿಯಾಗುವುದಕ್ಕೆ. ಕಾಗದಕ್ಕೆ ಕೆಮ್ಮಿಲ್ಲ.

ನನ್ನ ಅರ್ಜಿಗೂ ಉತ್ತರ ಬಂದಿದೆ. ಔಷಧ ಮಂಜೂರಾತಿ ಸಮಿತಿಯ ಮೊಹರು, ಕೆಳಗೆ ಎರಡು ಸಾಲು: "ಅರ್ಜಿದಾರರಲ್ಲಿ ವಂಶವಾಹಿ ದೋಷ ಇಲ್ಲ. ಆದ್ದರಿಂದ ಸದರಿಯವರು ಔಷಧಕ್ಕೆ ಅರ್ಹರಲ್ಲ." ಮೂವತ್ಮೂರು ವರ್ಷ ನಾನು ಕೆಮ್ಮಿದ್ದು ನಾಟಕವಂತೆ. ನನ್ನ ಶ್ವಾಸಕೋಶ ನೂರಕ್ಕೆ ಮೂವತ್ತೆರಡು ಮಾತ್ರ ಕೆಲಸ ಮಾಡುತ್ತಿದೆ, ಅದೂ ನಾಟಕ. ಕಾಯಿಲೆ ಇಲ್ಲದವನಿಗೆ ಔಷಧ ಯಾಕೆ, ನ್ಯಾಯವಾಗಿಯೇ ಇದೆ.

ನೀನು ಮಾತ್ರ ನಗುತ್ತಿರು. ಸಮಿತಿಯ ಮೇಲಿನ ಸಿಟ್ಟು ನಿನ್ನ ಖುಷಿಗೆ ಅಡ್ಡ ಬರಬಾರದು. ಎರಡಕ್ಕೂ ನನ್ನ ಹತ್ತಿರ ಬೇರೆಬೇರೆ ಜಾಗ ಇದೆ.

ಮೈಕಣ್ಣ


ಜನವರಿ 27

ಅಣ್ಣಾ,

ಇದರ ಜೊತೆ ಹಳೆಯ ಕನ್ನಡಕದ ಡಬ್ಬಿ ಇದೆ. ಹತ್ತಿಯಲ್ಲಿ ಸುತ್ತಿ ಎಂಟು ಮಾತ್ರೆ ಇಟ್ಟಿದ್ದೇನೆ. ದಿನಾ ಸಂಜೆ ನುಂಗಬೇಕಾದವು. ನನಗೆ ಬೆಳಗಿನವೇ ಸಾಕು, ನಿಜವಾಗಿ ಸಾಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಕಾಯಿಲೆ. ನನಗೆ ಹತ್ತಿದ್ದು ನಿನಗೆ ಹತ್ತದೇ ಇರುತ್ತದಾ? ಸಮಿತಿಯವರು ಏನಾದರೂ ಬರೆದುಕೊಳ್ಳಲಿ.

ವಾರಕ್ಕೊಂದು ಡಬ್ಬಿ ಕಳಿಸುತ್ತೇನೆ. ಬೆಣ್ಣೆ ಮರೆಯಬೇಡ. ಅಮ್ಮನಿಗೆ ಗೊತ್ತಿಲ್ಲ.

ತಂಗಿ


ಫೆಬ್ರವರಿ 4

ತಂಗೀ,

ಡಬ್ಬಿ ವಾಪಸ್ಸು ಕಳಿಸಿದ್ದೇನೆ. ಎಂಟೂ ಇವೆ, ಎಣಿಸಿಕೋ.

ನನ್ನ ಡಾಕ್ಟರಮ್ಮನನ್ನು ಕೇಳಿದೆ. ಕುರ್ಚಿ ಬಿಟ್ಟು ಎದ್ದು ನಿಂತು ಬೈದರು. ಅರ್ಧ ತಗೊಂಡರೆ ಅವಳ ಎದೆ ಮತ್ತೆ ಕಟ್ಟಿಕೊಳ್ಳುತ್ತೆ, ಯಕೃತ್ತಿನ ಪರೀಕ್ಷೆ ಮಾಡದೆ ನೀನು ನುಂಗಿದರೆ ಇನ್ನೊಂದು ಕಾಯಿಲೆ ತಂದುಕೊಳ್ತೀಯ ಅಂದರು. ನೀನು ಇವತ್ತಿನಿಂದಲೇ ಸಂಜೆಯದನ್ನು ನುಂಗುತ್ತೀಯ, ಹಾಗೂ ನಿನ್ನ ಡಾಕ್ಟರಿಗೆ ಬಾಯಿಬಿಟ್ಟು ಹೇಳುತ್ತೀಯ. ಹೇಳದಿದ್ದರೆ ನಾನೇ ಅಮ್ಮನಿಗೆ ಬರೆಯುತ್ತೇನೆ. ಆಮೇಲೆ ನಿನ್ನ ಗತಿ ನಿನಗೆ ಗೊತ್ತು.

ಡಾಕ್ಟರಮ್ಮ ಬೈದದ್ದು ವೈದ್ಯದ ಮಾತು. ಈಗ ನನ್ನ ಮಾತು ಕೇಳು. ನಾನು ಕೇಳುತ್ತಿರುವುದು ನನ್ನ ಔಷಧವನ್ನು. ನಿನ್ನ ತಟ್ಟೆಯಲ್ಲಿ ಉಳಿದದ್ದನ್ನಲ್ಲ. ಸಾಲಿನಲ್ಲಿ ನಿಂತ ಇಬ್ಬರಿಗೆ ಒಂದೇ ಪಾಲು ಎಸೆದು, ನೀವೇ ಹಂಚಿಕೊಳ್ಳಿ ಅನ್ನುವವರ ಆಟ ನನಗೆ ಹೊಸದಲ್ಲ. ಡಿಪೋದಲ್ಲಿ ಮೂವರ ಕೆಲಸಕ್ಕೆ ಇಬ್ಬರನ್ನು ಇಟ್ಟು ಹೀಗೇ ಹೇಳುತ್ತಾರೆ, ನಾವು ಹೀಗೇ ಹಂಚಿಕೊಂಡು ಸಾಯುತ್ತೇವೆ, ಅದಕ್ಕೆ ಒಳ್ಳೆಯತನ ಅಂತ ಹೆಸರು ಬೇರೆ. ನೀನೂ ಅರ್ಧ ಬದುಕಿ ನಾನೂ ಅರ್ಧ ಬದುಕಿದರೆ ಸಮಿತಿಗೆ ಎರಡು ಪೂರ್ತಿ ಹೆಣ ಸಿಗುತ್ತವೆ. ಅದು ಪ್ರೀತಿಯಲ್ಲ, ಅವರ ಕೆಲಸವನ್ನು ಅವರ ಪರವಾಗಿ ನೀನು ಮಾಡಿಕೊಟ್ಟ ಹಾಗೆ.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ಎದೆಯ ಲೆಕ್ಕ ಈಗಿನ ಮೂವತ್ತೆರಡರಿಂದ ಮೂವತ್ತಕ್ಕಿಂತ ಕೆಳಗಿಳಿದರೆ ಬೇರೆ ಶ್ವಾಸಕೋಶ ಜೋಡಿಸುವ ಪಟ್ಟಿಗೆ ಹೆಸರು ಬರೆಸಬೇಕಂತೆ. ಯಾರೋ ಸಾಯಬೇಕು, ನಾನು ಕಾಯಬೇಕು. ಎರಡು ತಿಂಗಳಲ್ಲಿ ಇಳಿಯಬಹುದು ಅಂದರು.

ನನ್ನ ಕಡತದ ಕಾಗದಗಳ ನಕಲು ಇಟ್ಟಿದ್ದೇನೆ. ಊರವರ ತಪ್ಪೆಲ್ಲ ತಿದ್ದುತ್ತೀಯಲ್ಲ, ಇದನ್ನು ತಿದ್ದು ನೋಡೋಣ. ಮಾತ್ರೆ ಕಳಿಸುವುದಕ್ಕಿಂತ ಅದು ನಿನಗೆ ಒಪ್ಪುವ ಕೆಲಸ.

ಬೈದಿದ್ದಕ್ಕೆ ಬೇಜಾರಾಗಿದ್ದರೆ ಆಗಲಿ.

ಅಣ್ಣ


ಫೆಬ್ರವರಿ 12

ಅಣ್ಣಾ,

ಸಿಕ್ಕಿತು. ಸಿಕ್ಕಿತು. ಮೊದಲು ನೀನು ಕೂತುಕೋ.

ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಿದೆ, ಬೈಸಿಕೊಂಡೆ. ಅಮ್ಮನಿಗೂ ಗೊತ್ತಾಯಿತು. ಈಗ ಸಂಜೆಯ ಮಾತ್ರೆಗೆ ಅವಳೇ ಎದುರು ಕೂರುತ್ತಾಳೆ, ನುಂಗಿದ ಮೇಲೆ ನಾಲಿಗೆ ಎತ್ತಿ ತೋರಿಸಬೇಕು. ಆ ಅಧ್ಯಾಯ ಮುಗಿಯಿತು.

ಇನ್ನು ನಿನ್ನ ಕಾಗದಗಳು. ಪ್ರೆಸ್ಸಿನಲ್ಲಿ ಮೂಲಪ್ರತಿ ಎಡಕ್ಕೆ, ಪ್ರೂಫ್ ಬಲಕ್ಕೆ ಇಟ್ಟುಕೊಂಡು ಬೆರಳಿಟ್ಟು ಓದುವುದು ನಮ್ಮ ರೂಢಿ. ಹಾಗೇ ಮೂರು ಕಾಗದಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದು ನಿನಗೆ ಹದಿಮೂರು ವರ್ಷವಿದ್ದಾಗ ಪ್ರಯೋಗಾಲಯ ಕೊಟ್ಟದ್ದು: "ಪರೀಕ್ಷಿಸಿದ ಮೂವತ್ತೊಂದು ದೋಷಗಳಲ್ಲಿ ಯಾವುದೂ ಪತ್ತೆಯಾಗಿಲ್ಲ." ಎರಡನೆಯದು ನಿನ್ನ ಆಸ್ಪತ್ರೆಯವರು ಅದನ್ನು ನೋಡಿ ಬರೆದ ಸಾರಾಂಶ: "ದೋಷ ಪತ್ತೆಯಾಗಿಲ್ಲ." ಮೂರನೆಯದು ಸಮಿತಿ ಅದನ್ನು ನೋಡಿ ಬರೆದದ್ದು: "ದೋಷ ಇಲ್ಲ."

ನೋಡಿದೆಯಾ? ನಕಲು ಮಾಡುವವರ ಹಳೆಯ ಚಾಳಿ ಇದು. ಸಾಲು ಉದ್ದ ಅನಿಸಿದರೆ ತಲೆ ಕತ್ತರಿಸಿ ಬಾಲ ಉಳಿಸುತ್ತಾರೆ. ಮೊದಲು "ಮೂವತ್ತೊಂದು" ಹೋಯಿತು. ಆಮೇಲೆ "ಪತ್ತೆಯಾಗಿ" ಹೋಯಿತು. ಉಳಿದ ಬಾಲ "ಇಲ್ಲ." ಆ ಬಾಲ ಹಿಡಿದುಕೊಂಡು ನಿನ್ನನ್ನು ಆಚೆ ದಬ್ಬಿದ್ದಾರೆ.

ಇಪ್ಪತ್ತು ವರ್ಷದ ಹಿಂದೆ ಹುಡುಕಲು ಗೊತ್ತಿದ್ದದ್ದೇ ಮೂವತ್ತೊಂದು. ಈಗ ಎರಡು ಸಾವಿರ ದಾಟಿದೆಯಂತೆ. ನನಗೆ ಮೂರು ವರ್ಷದ ಹಿಂದೆ ಹೊಸ ಪರೀಕ್ಷೆ ಮಾಡಿದರು, ಇಡೀ ಸಾಲನ್ನು ಅಕ್ಷರ ಅಕ್ಷರವಾಗಿ ಓದುವಂಥದ್ದು. ನಿನಗೆ ಯಾರೂ ಮಾಡಲಿಲ್ಲ. ಡಾಕ್ಟರನ್ನು ಕೇಳಿದೆ, "ನನ್ನ ತಪ್ಪೇ ಅಣ್ಣನಿಗೂ ಇರಬೇಕಲ್ವಾ?" ಅವರು ಹೇಳಿದರು: "ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಎರಡೂ ಬಂದರೆ ಮಾತ್ರ ಈ ಕಾಯಿಲೆ. ಅಣ್ಣ ತಂಗಿ ಇಬ್ಬರಿಗೂ ಇದೆ ಅಂದ್ರೆ ಇಬ್ಬರಿಗೂ ಅದೇ ಜೋಡಿ ಬಂದಿರಬೇಕು. ಬರೆದುಕೊಡ್ತೀನಿ, ಪರೀಕ್ಷೆ ಮಾತ್ರ ಆಗಲೇಬೇಕು." ಬರೆದುಕೊಟ್ಟಿದ್ದಾರೆ, ಜೊತೆಗಿಟ್ಟಿದ್ದೇನೆ. ನನ್ನ ವರದಿಯೂ ಇದೆ. ಮೂರೂ ಸಾಲುಗಳನ್ನು ಒಂದರ ಕೆಳಗೊಂದು ಅಚ್ಚು ಮಾಡಿಸಿದ ದೊಡ್ಡ ಹಾಳೆಯೂ ಇದೆ. ಬಿಟ್ಟುಹೋದ ಪದಗಳಿಗೆ ಕೆಂಪು ಸುತ್ತು ಹಾಕಿದ್ದೇನೆ. ಮಡಚಬೇಡ, ಸುರುಳಿ ಮಾಡಿ ಒಯ್ಯಿ.

ಅಂಚೆಯಲ್ಲಿ ಕಳಿಸಿ ಕೂರಬೇಡ. ಹೋಗು.

ತಪ್ಪಮ್ಮ


ಮಾರ್ಚ್ 7

ತಪ್ಪಮ್ಮಾ,

ಹೋದೆವು. ಹೋದೆ ಅಲ್ಲ, ಹೋದೆವು. ಪಾಳಿ ಮುಗಿಸಿದ ಹದಿನಾಲ್ಕು ಜನ ಖಾಕಿಯಲ್ಲೇ ಬಂದರು. ಮೀಸೆ ಡ್ರೈವರ್ ನಿನ್ನ ಸುರುಳಿಯನ್ನು ಮದುವೆ ದಿಬ್ಬಣದ ಸಾಮಾನಿನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ. ಸಮಿತಿಯ ಕಚೇರಿ ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಶ್ವಾಸಕೋಶದ ಅರ್ಜಿ ತೆಗೆದುಕೊಳ್ಳುವ ಕಚೇರಿ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಒಂದೊಂದು ತಿರುವಿನಲ್ಲೂ ಕೂತೆ. ನಾನು ಕೂತಲ್ಲೆಲ್ಲ ಹದಿನಾಲ್ಕು ಜನವೂ ಕೂತರು. ಮೇಲೆ ಮುಟ್ಟುವಷ್ಟರಲ್ಲಿ ಕಟ್ಟಡಕ್ಕೆಲ್ಲ ಸುದ್ದಿಯಾಗಿತ್ತು.

ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಜಗಳ ಸುಲಭವಿತ್ತು. ಕಡತ ತೆಗೆದು ನೋಡಿ, "ವರದೀಲಿ ದೋಷ ಇಲ್ಲ ಅಂತಿದೆಯಲ್ಲಪ್ಪ" ಅಂದರು.

"ಇಲ್ಲ ಅಂತಿಲ್ಲ ಸಾರ್. ಪತ್ತೆಯಾಗಿಲ್ಲ ಅಂತಿದೆ."

"ಎರಡೂ ಒಂದೇ ಅಲ್ವಾ?"

ನಾನು ಬಾಯಿ ತೆರೆದರೆ ಕೆಮ್ಮು ಬಂತು. ಮೀಸೆ ಡ್ರೈವರ್ ಮುಂದೆ ಬಂದ. "ಸಾರ್, ನಮ್ಮ ಬಸ್ಸಲ್ಲಿ ನೀವು ಕೊಡೆ ಮರೆತ್ರಿ ಅಂತಿಟ್ಕೊಳ್ಳಿ. ನಾನು ಒಂದು ಸೀಟಿನ ಕೆಳಗೆ ಬಗ್ಗಿ ನೋಡಿ ಪತ್ತೆಯಾಗಿಲ್ಲ ಅಂದೆ. ಡಿಪೋದವರು, ಇವರ ಹತ್ರ ಕೊಡೆನೇ ಇರ್ಲಿಲ್ಲ ಅಂತ ಬರ್ಕೊಟ್ರೆ ಒಪ್ತೀರಾ?"

ಕಚೇರಿಯ ಗುಮಾಸ್ತೆ ಮುಖ ತಿರುಗಿಸಿಕೊಂಡು ನಕ್ಕಳು. ಅಧಿಕಾರಿ ನಗಲಿಲ್ಲ. ನಿನ್ನ ಹಾಳೆಯನ್ನು ಮೇಜಿನ ಮೇಲೆ ಹರಡಿಸಿಕೊಂಡು, ಕೆಂಪು ಸುತ್ತುಗಳ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. "ಇದನ್ನ ಮಾಡಿದ್ದು ಯಾರು?"

"ನನ್ನ ತಂಗಿ. ಪಠ್ಯಪುಸ್ತಕದ ಪ್ರೂಫ್ ನೋಡ್ತಾಳೆ."

"ಸರಿ, ಮುಂದಿನ ಸಮಿತಿಗೆ ಇಡ್ತೀನಿ. ಮೂರು ತಿಂಗಳಿಗೊಂದ್ಸಲ ಸೇರುತ್ತೆ."

"ನನ್ನ ಎದೆಯೊಳಗೆ ಕಫ ದಿನಾ ಸಭೆ ಸೇರುತ್ತೆ ಸಾರ್" ಅಂದೆ. "ನಾನು ಔಷಧ ಈಗಲೇ ಕೊಡಿ ಅಂತ ಕೇಳ್ತಿಲ್ಲ. ಹೊಸ ಪರೀಕ್ಷೆಗೆ ಇವತ್ತೇ ರಕ್ತ ತಗೊಳ್ಳಿ ಅಂತ ಬರೆದುಕೊಡಿ. ಬರೆಯೋವರೆಗೂ ಮೆಟ್ಟಿಲ ಮೇಲೆ ಕೂತಿರ್ತೀವಿ. ಹೇಗೂ ಇಳಿಯೋಕೆ ನನಗೆ ಹೊತ್ತು ಬೇಕು."

ಬರೆದುಕೊಟ್ಟರು. ಮಧ್ಯಾಹ್ನದೊಳಗೆ ಕೆಳಗಿನ ಪ್ರಯೋಗಾಲಯದಲ್ಲಿ ರಕ್ತ ಕೊಟ್ಟೆ.

ಆದರೆ ತಂಗೀ, ಅಸಲು ವಿಷಯ ಇದಲ್ಲ. ಹೊರಡುವಾಗ ಆ ಗುಮಾಸ್ತೆ ನನ್ನ ಹಿಂದೆಯೇ ಬಂದು ಮೆಲ್ಲಗೆ, "ಹೀಗೇ 'ಇಲ್ಲ' ಅಂತ ವಾಪಸ್ಸಾದ ಕಡತ ಇನ್ನೂ ಹನ್ನೊಂದಿವೆ" ಅಂದಳು. ಹನ್ನೊಂದು ಜನ. ನಾನು ಮತ್ತೆ ಒಳಗೆ ಹೋದೆ. ಹನ್ನೊಂದನ್ನೂ ತೆರೆಯುತ್ತೇವೆ ಅಂತ ಬರೆಸಿಕೊಂಡೇ ಬಂದೆ. ಕೆಲವರಲ್ಲಿರುವ ದೋಷಕ್ಕೆ ಈ ಮಾತ್ರೆ ಕೆಲಸ ಮಾಡದೇ ಇರಬಹುದು, ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ. ಆಗಲಿ. ಅದು ರಕ್ತ ಹೇಳಲಿ, ಕತ್ತರಿಸಿದ ವಾಕ್ಯ ಹೇಳುವುದು ಬೇಡ.

ಫಲಿತಾಂಶಕ್ಕೆ ನಾಲ್ಕು ವಾರ. ಕಳೆದ ವಾರದ ಊದುವ ಪರೀಕ್ಷೆಯಲ್ಲಿ ಮೂವತ್ತು ಬಂತು. ಮೂವತ್ತಕ್ಕಿಂತ ಕೆಳಗಲ್ಲ, ಮೂವತ್ತು. ನಾನು ಪದ ನೋಡಿ ಬಳಸಲು ಕಲಿತಿದ್ದೇನೆ.

ಮೈಕಣ್ಣ


ಮಾರ್ಚ್ 15

ಮಗನೇ,

ನಾನು ಹೊಲಿಗೆಯವಳು, ಬರೆಯೋದು ನನಗೆ ಬರಲ್ಲ. ತಂಗಿ ಬರೆದುಕೊಡ್ತೀನಿ ಅಂದಳು, ಬೇಡ ಅಂದೆ.

ಇಬ್ಬರೂ ಒಂದು ಮನೆಯಲ್ಲಿ ಇರೋ ಹಾಗಿಲ್ಲ ಅಂತ ಅವತ್ತು ಡಾಕ್ಟರು ಹೇಳಿದಾಗ, ನೀನೇ ಮೊದಲು ಬಾಯಿಬಿಟ್ಟೆ. "ನಾನು ಅತ್ತೆ ಮನೇಗೆ ಹೋಗ್ತೀನಿ ಅಮ್ಮ, ಅಲ್ಲಿ ಕಿಟಕೀಲಿ ಬಸ್ಸು ಕಾಣುತ್ತೆ" ಅಂದೆ. ನಿನಗೆ ಹದಿನಾಲ್ಕು. ನಾನು ಬೇಡ ಅನ್ನಬೇಕಿತ್ತೋ ಏನೋ. ಅನ್ನಲಿಲ್ಲ.

ಎರಡು ಶರ್ಟು ಕಳಿಸಿದ್ದೇನೆ. ಎದೆಯ ಹತ್ತಿರ ನಾಲ್ಕು ಬೆರಳು ಸಡಿಲ ಬಿಟ್ಟಿದ್ದೇನೆ. ಈ ಮಾತ್ರೆ ತಗೊಂಡವರು ಮೈ ತುಂಬಿಕೊಳ್ಳುತ್ತಾರಂತೆ.

ಅಮ್ಮ


ಏಪ್ರಿಲ್ 5

ತಪ್ಪಮ್ಮಾ,

ಪತ್ತೆಯಾಗಿದೆ. ಅದೇ ಜೋಡಿ. ಅಕ್ಷರಕ್ಕೆ ಅಕ್ಷರ ನಿನ್ನದೇ.

ಅಮ್ಮನ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ಶರ್ಟು ಹಾಕಿಕೊಂಡಿದ್ದೇನೆ ಅಂತ ಹೇಳು. ಮತ್ತೆ ಬಸ್ಸು ನಿಜವಾಗಿಯೂ ಕಾಣುತ್ತಿತ್ತು ಅಂತಲೂ ಹೇಳು.

ಅಣ್ಣ


ಏಪ್ರಿಲ್ 26

ತಂಗೀ,

ವರದಿ ನೋಡಿ ಅಧಿಕಾರಿ ಸಭೆಗೆ ಕಾಯದೆ ಮಂಜೂರು ಮಾಡಿಸಿದರು, ಮಾತ್ರೆ ಬಂತು. ನಿನ್ನ ಮಾತು ಕೇಳಬೇಕಿತ್ತು. ಬಚ್ಚಲ ಹತ್ತಿರ ಕೂರದೆ ಕೆಲಸಕ್ಕೆ ಹೋದೆ. ಬೆಳಿಗ್ಗೆ ಅತ್ತೆ ಕೊಟ್ಟ ಎರಡು ಮೊಟ್ಟೆಯ ಜೊತೆ ನುಂಗಿದ್ದು. ಹನ್ನೊಂದು ಗಂಟೆಗೆ, ಆರನೇ ಪ್ಲಾಟ್‌ಫಾರಮ್ಮಿನ ಬಸ್ಸು ಹೇಳುವಾಗ, ಅಣೆಕಟ್ಟು ಒಡೆಯಿತು. ಮೈಕನ್ನು ಕಂಡಕ್ಟರ್ ಕೈಗೆ ತುರುಕಿ ಶೌಚಾಲಯಕ್ಕೆ ಓಡಿದೆ. ಓಡಿದೆ ಅಂತ ಬರೆದೆನಾ? ನಾನು ಓಡಿ ಎಷ್ಟು ವರ್ಷವಾಯಿತು ಗೊತ್ತಿಲ್ಲ. ಬಾಗಿಲ ಹೊರಗೆ ಮೀಸೆ ಡ್ರೈವರ್ ಕಾವಲು ನಿಂತಿದ್ದ. ಸರದಿಯಲ್ಲಿದ್ದ ಪ್ರಯಾಣಿಕರಿಗೆ, "ಸ್ವಲ್ಪ ತಡ್ಕೊಳ್ಳಿ, ಒಳಗೆ ಮೂವತ್ಮೂರು ವರ್ಷದ್ದು ಆಚೆ ಬರ್ತಾ ಇದೆ" ಅನ್ನುತ್ತಿದ್ದನಂತೆ.

ಹತ್ತು ದಿನವಾಯಿತು. ಮೊನ್ನೆ ಬೆಳಗಿನ ಪಾಳಿಯ ನಲವತ್ತು ಬಸ್ಸುಗಳನ್ನೂ ಒಂದು ಕೆಮ್ಮಿಲ್ಲದೆ ಹೇಳಿ ಮುಗಿಸಿದೆ. ಒಬ್ಬ ಮುದುಕಿ ಕಿಟಕಿಗೆ ಬಂದು, "ಹಳಬರು ಹೋಗಿಬಿಟ್ರಾ ಪಾಪ?" ಅಂದಳು. ನಾನೇ ಅಂದರೆ ನಂಬಲಿಲ್ಲ. ಕೆಮ್ಮಿ ತೋರಿಸು ಅಂದಳು. ಬರಲಿಲ್ಲ.

ರೋಗಾಣು ಮಾತ್ರ ಇನ್ನೂ ಇದೆ. ಮಾತ್ರೆ ಅದನ್ನು ಓಡಿಸುವುದಿಲ್ಲ, ಆದ್ದರಿಂದ ಒಂದೇ ಕೋಣೆ ನಮಗಿನ್ನೂ ಇಲ್ಲ ಅಂತ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು. ಕೇಳಿಸಿಕೊಂಡು ಬಂದೆ. ಕೋಣೆ ಇಲ್ಲದಿದ್ದರೆ ಬಯಲಿಲ್ಲವಾ ಅಂತ ಕೇಳುವುದು ಮರೆತೆ. ಮುಂದಿನ ಸಲ ಕೇಳುತ್ತೇನೆ.

ಮೈಕಣ್ಣ


ಜುಲೈ 3

ತಪ್ಪಮ್ಮಾ,

ನಿನ್ನೆಯ ಊದುವ ಪರೀಕ್ಷೆಯಲ್ಲಿ ನಲವತ್ತಾರು. ಶ್ವಾಸಕೋಶದ ಪಟ್ಟಿಯ ಮಾತನ್ನು ಡಾಕ್ಟರಮ್ಮ ಎತ್ತಲೇ ಇಲ್ಲ. ನಾನೇ ಎತ್ತಿದರೆ, "ಆ ಜಾಗ ಬೇಕಾದವರಿಗೆ ಬಿಡಪ್ಪ" ಅಂದರು.

ಹನ್ನೊಂದರಲ್ಲಿ ಎಂಟು ಜನಕ್ಕೆ ಔಷಧ ಶುರುವಾಗಿದೆ. ಒಬ್ಬರ ವರದಿ ಬರಬೇಕು. ಇಬ್ಬರ ದೋಷಕ್ಕೆ ಈ ಮಾತ್ರೆ ಹಿಡಿಯುವುದಿಲ್ಲ. ಅವರಲ್ಲೊಬ್ಬಳು ಶಾಲೆಯಲ್ಲಿ ಗಣಿತ ಹೇಳುವ ಟೀಚರು. ಫೋನಿನಲ್ಲಿ ನನಗೇ ಸಮಾಧಾನ ಹೇಳಿದಳು: "ಅಯ್ಯೋ, ಪರವಾಗಿಲ್ಲ ಬಿಡಿ." ಪರವಾಗಿಲ್ಲ ಅನ್ನಬೇಡಿ ಮೇಡಂ ಅಂದೆ. ಎಂಟು ಜನ ಬದುಕಿದರೆ ಇಬ್ಬರನ್ನು ಮರೆಯುವುದು ಸುಲಭ, ಅದಕ್ಕೇ ಮರೆಯಬಾರದು. ಹೊಸ ಔಷಧದ ಪ್ರಯೋಗಗಳು ಎಲ್ಲೆಲ್ಲಿ ನಡೆಯುತ್ತಿವೆ ಅಂತ ಪಟ್ಟಿ ಮಾಡುತ್ತಿದ್ದೇವೆ. ಅದರ ಪ್ರೂಫ್ ನೀನೇ ನೋಡಬೇಕು. ಒಂದು ಪದವೂ ಬಿಟ್ಟುಹೋಗುವ ಹಾಗಿಲ್ಲ.

ಇನ್ನು ಇವತ್ತಿನ ಸುದ್ದಿ. ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಬಲಗಡೆಯ ದವಡೆ ಹಲ್ಲು ಸವೆದು ಆರೇಳು ವರ್ಷವಾಗಿತ್ತು. ಇನ್ನೆಷ್ಟು ದಿನಕ್ಕೆ ಅಂತ ಎಡಗಡೆಯಲ್ಲೇ ಅಗಿಯುತ್ತಿದ್ದೆ. ಈಗ ಮಾತ್ರೆಯ ಜೊತೆ ದಿನಕ್ಕೆರಡು ಸಲ ಗಟ್ಟಿಯಾಗಿ ತಿನ್ನಬೇಕಲ್ಲ, ತಡೆಯಲಿಲ್ಲ. ಅವನು ನನ್ನನ್ನು ಒರಗು ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ಹತ್ತಿ ತುರುಕಿ, ಎರಡು ಹಲ್ಲಿನ ಟೋಪಿಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಇದು ಎಂಟು ವರ್ಷ ಬಾಳುತ್ತೆ. ಇದು ಇಪ್ಪತ್ತು ವರ್ಷ. ನೀವೇ ಹೇಳಿ, ಯಾವುದು ಹಾಕಲಿ?"

ನನ್ನ ಇಡೀ ಆಯುಷ್ಯದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬಾಯಿ ತೆರೆದುಕೊಂಡೇ ಇದ್ದೆ, ಮಾತಾಡಲು ಆಗುವಂತಿರಲಿಲ್ಲ. ಅವನು ನೋವಾಯಿತೇನೋ ಅಂದುಕೊಂಡು, "ಅವಸರ ಇಲ್ಲ, ಯೋಚನೆ ಮಾಡಿ ಇನ್ನೊಂದಿನ ಹೇಳಿ" ಅಂದ.

ನಾನು ಎರಡೂ ಕೈ ಮೇಲೆತ್ತಿ ಹತ್ತು ಬೆರಳನ್ನೂ ಬಿಚ್ಚಿ ತೋರಿಸಿದೆ. ಮಡಚಿದೆ. ಮತ್ತೆ ಬಿಚ್ಚಿದೆ.

ನಿನ್ನ ಅಣ್ಣ